ಗುಂಡಿ ಮುಚ್ಚಿತು, ಇಳಿಜಾರು ಉಳಿಯಿತು

(ಕೊಪ್ಪಳದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೂ ಊರಿನವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ. ಹೊತ್ತು ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಒಂಬತ್ತು ಮಂದಿ ದಯವಿಟ್ಟು ಜಾಗ ಬದಲಿಸಬೇಡಿ. ಆಮೇಲೆ ನಿಮ್ಮಿಂದ ಕೆಲಸ ಇದೆ.

ಮೊದಲು ಈ ಡಬ್ಬಿ ನೋಡಿ. ಇದರಲ್ಲಿ ಇರುವುದು ಬೇಕರಿಯವರು ಬಳಸುವ ಲಿಕ್ವಿಡ್ ಗ್ಲೂಕೋಸ್. ಜೇನುತುಪ್ಪದ ಹಾಗೆ ಗಟ್ಟಿ, ಆದರೆ ನೀರಿನ ಹಾಗೆ ತಿಳಿ. ಡಬ್ಬಿಯ ನಡುವೆ ಒಂದು ಸ್ಟೀಲ್ ಲೋಟ ಇಟ್ಟಿದ್ದೇನೆ. ಡಬ್ಬಿಗೂ ಲೋಟಕ್ಕೂ ನಡುವಿನ ಸಂದಿಯಲ್ಲಿ ಗ್ಲೂಕೋಸ್ ತುಂಬಿದೆ. ಅದೇ ಗ್ಲೂಕೋಸಿಗೆ ಕೇಸರಿ ಬಣ್ಣ ಕಲಸಿ ಸಿರಿಂಜಿನಿಂದ ಒಂದು ಹನಿ ಒಳಗೆ ಬಿಡುತ್ತೇನೆ. ಈಗ ಲೋಟವನ್ನು ನಿಧಾನವಾಗಿ ಮೂರು ಸುತ್ತು ತಿರುಗಿಸೋಣ. ಹನಿ ಎಳೆ ಎಳೆಯಾಗಿ ಹರಡಿತು, ಕಲೆಸಿಹೋಯಿತು ಅಂತ ಅನಿಸುತ್ತದೆ ಅಲ್ವಾ? ಈಗ ಹಿಂದಕ್ಕೆ ಮೂರು ಸುತ್ತು.

(ಇಲ್ಲಿ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಹನಿ ಬಿಟ್ಟ ಜಾಗಕ್ಕೇ ಮರಳಿ ಬಂದಿತ್ತು. ಅಂಚು ಸ್ವಲ್ಪ ಮಸುಕಾಗಿತ್ತು, ಅಷ್ಟೇ.)

ಚಹಾದಲ್ಲಿ ಹಾಲು ಹಾಕಿ ಚಮಚ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿದರೆ ಹಾಲು ಬೇರೆಯಾಗುತ್ತದೆಯೇ? ಇಲ್ಲ. ಚಮಚ ನಿಲ್ಲಿಸಿದ ಮೇಲೂ ಚಹಾ ಸುತ್ತುತ್ತಲೇ ಇರುತ್ತದೆ. ಹಿಂದಿನ ಓಟದ ನೆನಪು ಅದಕ್ಕೆ ಇದೆ. ಗ್ಲೂಕೋಸಿಗೆ ಆ ನೆನಪು ಇಲ್ಲ. ಕೈ ನಿಂತ ಕ್ಷಣವೇ ಅದೂ ನಿಲ್ಲುತ್ತದೆ. ಯಾವುದು ಚಹಾದಂಥ ಹರಿವು, ಯಾವುದು ಗ್ಲೂಕೋಸಿನಂಥ ಹರಿವು ಎಂದು ಹೇಳುವ ಒಂದು ಅಂಕಿ ಇದೆ. ದ್ರವದ ಸಾಂದ್ರತೆ, ವೇಗ, ಗಾತ್ರ ಈ ಮೂರನ್ನು ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಬೇಕು. ಸ್ನಿಗ್ಧತೆ ಅಂದರೆ ದ್ರವದ ಜಿಗುಟುತನದ ಅಳತೆ. 1883ರಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ಪ್ರಯೋಗ ಮಾಡಿದ ಆಸ್ಬೋರ್ನ್ ರೆನಾಲ್ಡ್ಸ್ ಹೆಸರು ಈ ಅಂಕಿಗಿದೆ. ಎರಡು ಮೀಟರ್ ಆಳದ ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೀರು ಹೋದರೆ ಆ ಅಂಕಿ ಸುಮಾರು 20 ಲಕ್ಷ. ಜೇನುತುಪ್ಪದಲ್ಲಿ ಚಮಚವನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ಸರಿಸಿದರೆ ನೂರರಲ್ಲಿ ಒಂದು ಪಾಲಿನ ಆಸುಪಾಸು. ನೀರಿನಲ್ಲಿ ಈಜುವ ಬ್ಯಾಕ್ಟೀರಿಯಾಗೆ ಲಕ್ಷದಲ್ಲಿ ಮೂರು ಪಾಲು. ಹಾಗಾಗಿ ನಮಗೆ ತೆಳುವಾದ ನೀರು ಆ ಪುಟ್ಟ ಜೀವಿಗೆ ಬೆಲ್ಲದ ಪಾಕಕ್ಕಿಂತ ಗಟ್ಟಿ.

ನನ್ನ ಇವತ್ತಿನ ಮಾತು ಈ ಅಂಕಿ ಸೊನ್ನೆಗೆ ತೀರಾ ಹತ್ತಿರ ಇರುವ ಹರಿವಿನ ಬಗ್ಗೆ, ಅದರ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬೇಗ ಬಿಡಿಸುವ ಮಲ್ಟಿಗ್ರಿಡ್ ಎಂಬ ವಿಧಾನದ ಬಗ್ಗೆ. ನಿಧಾನ ಹರಿವು, ಸುಳಿ ಇಲ್ಲ, ಗದ್ದಲ ಇಲ್ಲ. ಲೆಕ್ಕ ಸುಲಭ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇಲ್ಲಿ ಬೇರೆ ಒಂದು ತೊಡಕಿದೆ. ಜೇನಿನಲ್ಲಿ ಒಂದು ಗೋಲಿ ಕೆಳಗೆ ಇಳಿಯುತ್ತಿದೆ ಎಂದುಕೊಳ್ಳಿ. ಗೋಲಿಯ ತ್ರಿಜ್ಯದ ಹತ್ತು ಪಟ್ಟು ದೂರದಲ್ಲಿ, ಅದು ಹೋಗುವ ದಾರಿಯ ಮುಂದೆ, ಜೇನು ಎಷ್ಟು ಕದಲುತ್ತಿರುತ್ತದೆ? ಗೋಲಿಯ ವೇಗದ ಶೇಕಡಾ 15ರಷ್ಟು. ನೂರು ಪಟ್ಟು ದೂರ ಹೋದರೂ ಶೇಕಡಾ ಒಂದೂವರೆ ಉಳಿದಿರುತ್ತದೆ. ದೂರ ಎರಡರಷ್ಟಾದರೆ ಕದಲಿಕೆ ಅರ್ಧವಾಗುತ್ತದೆ, ಅಷ್ಟೇ. ಅಂದರೆ ಈ ದ್ರವದಲ್ಲಿ ಯಾವ ಮೂಲೆಯಲ್ಲಿ ಏನಾದರೂ ಉಳಿದೆಲ್ಲ ಮೂಲೆಗೂ ಅದೇ ಕ್ಷಣ ಗೊತ್ತಾಗುತ್ತದೆ. ಎಲ್ಲರೂ ಎಲ್ಲರನ್ನೂ ಕೇಳಿಯೇ ಕದಲಬೇಕು. ಲೆಕ್ಕ ಕಷ್ಟವಾಗುವುದು ಇಲ್ಲೇ.

ಹರಿವಿನ ಸಮೀಕರಣಗಳನ್ನು ಫ್ರಾನ್ಸಿನ ನೇವಿಯರ್ 1822ರಲ್ಲಿ, ಐರ್ಲೆಂಡಿನಲ್ಲಿ ಹುಟ್ಟಿದ ಸ್ಟೋಕ್ಸ್ 1845ರಲ್ಲಿ ಬರೆದರು. ಓಟದ ನೆನಪನ್ನು ಹೇಳುವ ಭಾಗವನ್ನು ತೆಗೆದುಹಾಕಿ, ಗೋಲಿಯ ಮೇಲೆ ಬೀಳುವ ತಡೆಯನ್ನು ಸ್ಟೋಕ್ಸ್ 1851ರಲ್ಲಿ ಲೆಕ್ಕ ಹಾಕಿ ಕೊಟ್ಟರು. ಉಳಿದ ಸಮೀಕರಣಗಳಿಗೆ ಇವತ್ತೂ ಅವರದೇ ಹೆಸರು. ಅವು ಹೇಳುವುದು ಎರಡೇ ಮಾತು. ಒಂದು, ಪ್ರತಿ ಜಾಗದಲ್ಲೂ ಒತ್ತಡದ ತಳ್ಳುವಿಕೆಯೂ ಜಿಗುಟಿನ ಎಳೆತವೂ ಸರಿಸಮ ಇರಬೇಕು. ಎರಡು, ಯಾವ ಜಾಗಕ್ಕೆ ಎಷ್ಟು ದ್ರವ ಬಂತೋ ಅಷ್ಟೇ ಹೊರಗೆ ಹೋಗಬೇಕು.

ಇಲ್ಲಿ ನಮ್ಮ ಊರಿಗೆ ಹತ್ತಿರವಾದ ಒಂದು ಮಾತು ಹೇಳಲೇಬೇಕು. ಮುನಿರಾಬಾದಿನಲ್ಲಿ ನಿಂತು ನೋಡಿದರೆ ಕಾಣುವ ತುಂಗಭದ್ರಾ ಅಣೆಕಟ್ಟು ಕಲ್ಲಿನ ಕಟ್ಟಡ. ನೀರಿನ ಭಾರಕ್ಕೆ ಅಂಥ ಗೋಡೆಯ ಒಳಗೆ ಎಲ್ಲೆಲ್ಲಿ ಎಷ್ಟು ಒತ್ತು ಬೀಳುತ್ತದೆ? ಇದನ್ನು ಲೆಕ್ಕ ಹಾಕಲು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1910ರ ಹೊತ್ತಿಗೆ ಒಂದು ದಾರಿ ಕಂಡುಕೊಂಡರು. ಗೋಡೆಯ ಅಡ್ಡಕೊಯ್ತವನ್ನು ಚೌಕಚೌಕವಾಗಿ ಗೆರೆ ಹಾಕಿ, ಪ್ರತಿ ಬಿಂದುವಿಗೆ ಒಂದು ಅಂಕಿ ಊಹಿಸಿ, ಅಕ್ಕಪಕ್ಕದ ಅಂಕಿಗಳನ್ನು ನೋಡಿ ಅದನ್ನು ತಿದ್ದುತ್ತಾ ಹೋಗುವುದು. ಕಂಪ್ಯೂಟರ್ ಇಲ್ಲದ ಕಾಲ. ಲೆಕ್ಕ ಮಾಡಲು ಹುಡುಗರನ್ನು ಇಟ್ಟುಕೊಂಡು, ಬಿಂದುವಿಗೆ ಇಷ್ಟು ಎಂದು ಕೂಲಿ ಕೊಟ್ಟರು. ನನಗೆ ಬಹಳ ಇಷ್ಟವಾದ ಸಂಗತಿ ಮುಂದಿನದು. ಕಲ್ಲಿನ ಗೋಡೆಯ ಒತ್ತನ್ನು ಹೇಳುವ ಆ ಸಮೀಕರಣವೂ, ಎರಡು ಆಯಾಮದಲ್ಲಿ ಜೇನು ಹರಿಯುವ ಗೆರೆಗಳನ್ನು ಹೇಳುವ ಸಮೀಕರಣವೂ ಗಣಿತದಲ್ಲಿ ಒಂದೇ. ಒಂದಕ್ಕೆ ಕಲಿತ ವಿದ್ಯೆ ಇನ್ನೊಂದಕ್ಕೆ ಹಾಗೆಯೇ ಒದಗುತ್ತದೆ.

ಸರಿ, ಜಾಲ ಹಾಕೋಣ. ಒಂದು ಪೆಟ್ಟಿಗೆಯನ್ನು ಉದ್ದ, ಅಗಲ, ಎತ್ತರ ಮೂರೂ ಕಡೆ 128 ಭಾಗ ಮಾಡಿದರೆ ಸುಮಾರು 21 ಲಕ್ಷ ಮನೆಗಳು. ಪ್ರತಿ ಮನೆಗೆ ಮೂರು ದಿಕ್ಕಿನ ವೇಗ, ಒಂದು ಒತ್ತಡ. ಒಟ್ಟು 84 ಲಕ್ಷ ಅಂಕಿಗಳು ನಮಗೆ ಗೊತ್ತಿಲ್ಲ, ಅಷ್ಟೇ ಸಮೀಕರಣಗಳಿವೆ. ಪಿಯುಸಿಯಲ್ಲಿ ಕಲಿಸುವ ಹಾಗೆ ಒಂದೊಂದನ್ನೇ ತೊಲಗಿಸುತ್ತಾ ಹೋದರೆ, ಸೆಕೆಂಡಿಗೆ ಹತ್ತು ಸಾವಿರ ಕೋಟಿ ಲೆಕ್ಕ ಮಾಡುವ ಯಂತ್ರಕ್ಕೂ ನೂರು ವರ್ಷ ಮೀರುತ್ತದೆ. ಸೊನ್ನೆಗಳನ್ನು ಬಿಟ್ಟು ಜಾಣತನದಿಂದ ತೊಲಗಿಸಿದರೆ ಕೆಲಸ ಎಷ್ಟೋ ಇಳಿಯುತ್ತದೆ. ಆದರೆ ಮೂರು ಆಯಾಮದಲ್ಲಿ ಜಾಲ ಸಣ್ಣದಾದಂತೆ ಕಂಪ್ಯೂಟರಿನ ಮೆಮೊರಿ ಸಾಲದೆ ನಿಲ್ಲುತ್ತದೆ. ಹಾಗಾಗಿ ಎಲ್ಲರೂ ಬರುವುದು ರಿಚರ್ಡ್‌ಸನ್ ದಾರಿಗೇ. ಊಹಿಸು, ಪಕ್ಕದವರನ್ನು ನೋಡು, ತಿದ್ದು. ಅವರಿಗಿಂತ ಮೊದಲೇ ಜರ್ಮನಿಯ ಗಣಿತಜ್ಞ ಗೌಸ್ 1823ರ ಡಿಸೆಂಬರಿನಲ್ಲಿ ತಮ್ಮ ಹಳೆಯ ಶಿಷ್ಯ ಗೆರ್ಲಿಂಗ್‌ಗೆ ಬರೆದ ಪತ್ರದಲ್ಲಿ ಈ ಬಗೆಯ ತಿದ್ದುವಿಕೆಯನ್ನು ಹೊಗಳಿದ್ದರು. ಅರೆನಿದ್ದೆಯಲ್ಲೂ ಇದನ್ನು ಮಾಡಬಹುದು ಎಂಬುದು ಅವರ ಮಾತು.

ಈಗ ಮುಂದಿನ ಸಾಲಿನ ಒಂಬತ್ತು ಮಂದಿ. ಎರಡು ತುದಿಯವರ ಕೈಯಲ್ಲಿ ಸೊನ್ನೆ. ಅದು ಗೋಡೆ, ಬದಲಾಗುವುದಿಲ್ಲ. ಉಳಿದ ಏಳು ಮಂದಿಗೆ ಒಂದೊಂದು ಚೀಟಿ. ಚೀಟಿಯಲ್ಲಿ ಇರುವುದು ಉತ್ತರ ಅಲ್ಲ, ಉತ್ತರದಲ್ಲಿ ಇರುವ ತಪ್ಪು. ಕೊನೆಗೆ ಎಲ್ಲರ ಕೈಯಲ್ಲೂ ಸೊನ್ನೆ ಉಳಿಯಬೇಕು. ನಿಯಮ ಒಂದೇ. ನಿಮ್ಮ ಅಂಕಿ, ಎಡಗಡೆಯವರ ಅಂಕಿ, ಬಲಗಡೆಯವರ ಅಂಕಿ ಕೂಡಿಸಿ ಮೂರರಿಂದ ಭಾಗಿಸಿ. ಎಲ್ಲರೂ ಒಟ್ಟಿಗೆ.

ಮೊದಲ ಆಟದಲ್ಲಿ ಒಬ್ಬರು ಬಿಟ್ಟು ಒಬ್ಬರಿಗೆ 9 ಮತ್ತು ಮೈನಸ್ 9 ಕೊಟ್ಟೆ. ಒಂದು ಸುತ್ತಿಗೆ ಯಾರ ಕೈಯಲ್ಲೂ 3ಕ್ಕಿಂತ ದೊಡ್ಡ ತಪ್ಪು ಇರಲಿಲ್ಲ. ಎರಡನೇ ಸುತ್ತಿಗೆ ಯಾರ ಕೈಯಲ್ಲೂ 1ನ್ನು ದಾಟಲಿಲ್ಲ. ಅದ್ಭುತ.

ಎರಡನೇ ಆಟದಲ್ಲಿ ಕೊಟ್ಟ ಚೀಟಿಗಳು 10, 20, 30, 40, 30, 20, 10. ಒಂದು ಸುತ್ತು ಲೆಕ್ಕ ಮಾಡಿದರು. ನಡುವೆ ಕೂತ ಹುಡುಗಿಯ 40 ಸುಮಾರು 33 ಆಯಿತು. ಉಳಿದ ಆರು ಮಂದಿ ಚೀಟಿ ತಿದ್ದಲೇ ಇಲ್ಲ, ಯಾಕೆಂದರೆ 10, 20, 30ರ ಸರಾಸರಿ 20ಯೇ. ಪಕ್ಕದವರನ್ನು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಡೀ ಸಾಲೇ ಗುಡ್ಡದ ಹಾಗೆ ಎದ್ದು ನಿಂತಿದೆ ಎಂಬುದು ಅಕ್ಕಪಕ್ಕ ಮಾತ್ರ ನೋಡುವವರಿಗೆ ಕಾಣುವುದಿಲ್ಲ.

ನಮ್ಮದು ಗಂಗಾವತಿ ಕಡೆಯ ಹಳ್ಳಿ. ನೆಲ್ಲಿನ ಗದ್ದೆ ಇರುವವರಿಗೆ ಇದು ಹೊಸದಲ್ಲ. ನಾನು ಹೈಸ್ಕೂಲಿನಲ್ಲಿ ಇದ್ದಾಗ ಒಂದು ವರ್ಷ ನಾಟಿಗೆ ಮೊದಲು ಗದ್ದೆ ಸಮ ಮಾಡುವ ಕೆಲಸವನ್ನು ಒಬ್ಬರಿಗೆ ಗುತ್ತಿಗೆ ಕೊಟ್ಟಿದ್ದೆವು. ಕೆಸರಿನ ಮೇಲೆ ಮರದ ಹಲಗೆ ಎಳೆದು, ಎಳೆದು, ಕನ್ನಡಿಯ ಹಾಗೆ ಮಾಡಿ ಹೋದರು. ಎಲ್ಲಿ ನೋಡಿದರೂ ನುಣುಪು. ನೀರು ಬಿಟ್ಟ ಮೇಲೆ ಪಡುವಣ ತುದಿಯಲ್ಲಿ ಗೇಣುದ್ದ ನೀರು, ಮೂಡಣ ತುದಿಯಲ್ಲಿ ಒಣ ನೆಲ. ಅಪ್ಪ ಬದುವಿನ ಮೇಲೆ ನಿಂತು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ಹಲಗಿ ಹೊಡದ್ರ ಗುಂಡಿ ಮುಚ್ಚತೈತಿ. ಹೊಲದ ಇಳಕಲು ಹೋಗಂಗಿಲ್ಲ." ಇಳಿಜಾರು ತೆಗೆಯಬೇಕಾದರೆ ದೂರ ನಿಂತು ಇಡೀ ಗದ್ದೆಯನ್ನು ನಾಲ್ಕೈದು ತುಂಡಾಗಿ ಮಾತ್ರ ನೋಡಬೇಕು, ಒಂದು ತುದಿಯ ಮಣ್ಣನ್ನು ಇನ್ನೊಂದು ತುದಿಗೆ ಸಾಗಿಸಬೇಕು. ಆಮೇಲೆ ಹಲಗೆ. ಎಷ್ಟೋ ವರ್ಷ ಕಳೆದು ಮಲ್ಟಿಗ್ರಿಡ್, ಅಂದರೆ ಸಣ್ಣದು, ಒರಟು ಎಂದು ಹಲವು ಜಾಲಗಳಲ್ಲಿ ಒಂದೇ ಲೆಕ್ಕ ಬಿಡಿಸುವ ವಿಧಾನದ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಒಣಗಿದ ಮೂಡಣ ತುದಿ.

ಲೆಕ್ಕದಲ್ಲೂ ಹಾಗೆಯೇ ಮಾಡೋಣ. ಮೊದಲಿನ ಚೀಟಿಗಳನ್ನೇ ಮತ್ತೆ ಕೊಟ್ಟು, ಸಾಲಿನಲ್ಲಿ ಒಬ್ಬರು ಬಿಟ್ಟು ಒಬ್ಬರನ್ನು ಹಿಂದೆ ಕಳಿಸಿದೆ. ಉಳಿದವರ ಕೈಯಲ್ಲಿ 0, 20, 40, 20, 0. ಮತ್ತೆ ಒಬ್ಬರು ಬಿಟ್ಟು ಒಬ್ಬರು. ಈಗ ಇರುವುದು 0, 40, 0. ನಡುವಿನ ಹುಡುಗಿಯ ಅಕ್ಕಪಕ್ಕ ಈಗ ನೇರವಾಗಿ ಗೋಡೆಗಳೇ. ಎರಡೂ ಸೊನ್ನೆ, ಹಾಗಾದರೆ ತನ್ನದೂ ಸೊನ್ನೆ ಇರಬೇಕು ಎಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. 40 ಕಳೆಯಬೇಕು. ಈ ಸುದ್ದಿಯನ್ನು ಹಿಂದೆ ಹೋದವರಿಗೆ ಕಳಿಸೋಣ. 0ಗೂ 40ಕ್ಕೂ ನಡುವೆ ಇದ್ದವರು 20 ಕಳೆದುಕೊಳ್ಳಲಿ. ಅವರ ನಡುವೆ ಇದ್ದವರು 10 ಅಥವಾ 30. ಎಲ್ಲರ ಚೀಟಿಯೂ ಸೊನ್ನೆ. ಹಲಗೆ ಎಳೆದು ಎಳೆದು ಹೋಗದೆ ಉಳಿದ ಗುಡ್ಡ ಒಂದೇ ಸಲಕ್ಕೆ ಹೋಯಿತು.

ಒಂಬತ್ತು ಕುರ್ಚಿ ಸಣ್ಣ ಆಟ. ಅದೇ ಸಾಲನ್ನು 64 ಭಾಗ ಮಾಡಿ, ಅದೇ ಮೂವರ ಸರಾಸರಿ ನಿಯಮ ಇಟ್ಟುಕೊಂಡರೆ ಏನಾಗುತ್ತದೆ ನೋಡಿ. ಹಲ್ಲುಹಲ್ಲಾಗಿ ಏರಿಳಿಯುವ ತಪ್ಪು ಪ್ರತಿ ಸುತ್ತಿಗೂ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಡೀ ಸಾಲಿನಷ್ಟು ಅಗಲದ ಗುಡ್ಡ ಬರೀ ಅರ್ಧವಾಗಲು ಸುಮಾರು 860 ಸುತ್ತು ಬೇಕು. ಅದೇ ಗುಡ್ಡವನ್ನು ನಾಲ್ಕೇ ಭಾಗದ ಒರಟು ಸಾಲಿನಲ್ಲಿ ನೋಡಿದರೆ ಮೂರು, ನಾಲ್ಕು ಸುತ್ತಿಗೆ ಅರ್ಧವಾಗುತ್ತದೆ. ಗುಡ್ಡ ಬದಲಾಗಲಿಲ್ಲ. ನಾವು ನೋಡುವ ಅಳತೆಗೋಲು ಬದಲಾಯಿತು. ಪ್ರತಿ ತಪ್ಪಿಗೂ ತನ್ನದೇ ಒಂದು ಅಗಲ ಇದೆ. ಅದನ್ನು ಅದರ ಅಗಲಕ್ಕೆ ತಕ್ಕ ಜಾಲದಲ್ಲೇ ಹಿಡಿಯಬೇಕು.

ಒಂದು ಅನುಮಾನ ನಿಮಗೆ ಬಂದಿರಬೇಕು. ತಪ್ಪು ಎಷ್ಟು ಅಂತ ಗೊತ್ತಿದ್ದರೆ ಉತ್ತರವೇ ಗೊತ್ತಿದ್ದ ಹಾಗಾಯಿತು, ಇಷ್ಟು ಕಷ್ಟ ಯಾಕೆ? ನಿಜ. ನಿಜವಾದ ಲೆಕ್ಕದಲ್ಲಿ ತಪ್ಪಿನ ಚೀಟಿ ಯಾರ ಕೈಯಲ್ಲೂ ಇರುವುದಿಲ್ಲ. ಇರುವುದು ಉಳಿಕೆ ಮಾತ್ರ. ಈಗಿನ ಊಹೆಯನ್ನು ಸಮೀಕರಣಕ್ಕೆ ಹಾಕಿದರೆ ಎಡಗಡೆಗೂ ಬಲಗಡೆಗೂ ಎಷ್ಟು ವ್ಯತ್ಯಾಸ ಬರುತ್ತದೋ ಅದು ಉಳಿಕೆ. ಉಳಿಕೆಗೂ ತಪ್ಪಿಗೂ ನಡುವೆ ಅದೇ ಸಮೀಕರಣ ನಿಂತಿರುತ್ತದೆ. ಹಾಗಾಗಿ ನುಣುಪಾದ ಉಳಿಕೆಯನ್ನು ಒರಟು ಜಾಲಕ್ಕೆ ಒಯ್ದು, ಅಲ್ಲಿ ತಪ್ಪನ್ನು ಬಿಡಿಸಿ, ಆ ತಿದ್ದುಪಡಿಯನ್ನು ಸಣ್ಣ ಜಾಲಕ್ಕೆ ತಂದು ಸೇರಿಸುತ್ತೇವೆ. ಉತ್ತರವನ್ನು ಮೇಲೆ ಕೆಳಗೆ ಓಡಾಡಿಸುವುದಿಲ್ಲ, ಕೊರತೆಯನ್ನು ಒಯ್ಯುತ್ತೇವೆ, ತಿದ್ದುಪಡಿಯನ್ನು ತರುತ್ತೇವೆ. ಒರಟು ಜಾಲಕ್ಕೂ ಒಂದು ದೊಡ್ಡ ಇಳಿಜಾರು ಉಳಿದಿದ್ದರೆ? ಅದಕ್ಕಿಂತ ಒರಟು ಜಾಲ. ಹೀಗೆ ಹೋಗಿ ಹೋಗಿ ಒಂದೆರಡು ಮನೆ ಉಳಿಯುವವರೆಗೆ.

ಇಷ್ಟೆಲ್ಲ ಜಾಲ ಕಟ್ಟಿದರೆ ಖರ್ಚು ಜಾಸ್ತಿ ಅಲ್ವಾ ಅಂತ ಕೇಳಬಹುದು. ಸಮತಟ್ಟಾದ ಜಾಲದಲ್ಲಿ ಎರಡೂ ಕಡೆ ಅರ್ಧ ಮಾಡಿದರೆ ಮನೆಗಳು ಕಾಲುಭಾಗ. ಒಂದು, ಅದರ ಕಾಲು, ಅದರ ಕಾಲು ಎಂದು ಕೊನೆಯಿಲ್ಲದೆ ಕೂಡಿಸಿದರೂ ಒಂದೂ ಮೂರನೇ ಒಂದು ಪಾಲು ದಾಟುವುದಿಲ್ಲ. ಮೂರು ಆಯಾಮದಲ್ಲಿ ಇನ್ನೂ ಕಡಿಮೆ, ಒಂದೂ ಏಳನೇ ಒಂದು ಪಾಲು. ಮೇಲಿನ ಜಾಲಗಳೆಲ್ಲ ಸೇರಿ ಬಹುತೇಕ ಪುಕ್ಕಟೆ. ಪ್ರತಿಫಲ ನೋಡಿ. ಶಾಖ ಹರಡುವಂಥ ಸರಳ ಸಮೀಕರಣವನ್ನು 128 ಭಾಗಗಳ ಚೌಕದಲ್ಲಿ ಒಂದೇ ಜಾಲದಿಂದ, ಗೌಸ್ ಮತ್ತು ಸೈಡೆಲ್ ಹೆಸರಿನ ತಿದ್ದುವಿಕೆಯಿಂದ ಬಿಡಿಸಿದರೆ, ತಪ್ಪು ಹತ್ತನೇ ಒಂದು ಪಾಲಿಗೆ ಇಳಿಯಲು ಸುಮಾರು 3800 ಸುತ್ತು. ಜಾಲವನ್ನು ಎರಡರಷ್ಟು ಸಣ್ಣ ಮಾಡಿದರೆ ಸುತ್ತು ನಾಲ್ಕರಷ್ಟು, ಮನೆಗಳೂ ನಾಲ್ಕರಷ್ಟು, ಕೆಲಸ ಹದಿನಾರರಷ್ಟು. ಮಲ್ಟಿಗ್ರಿಡ್‌ನಲ್ಲಿ ಮೇಲೆ ಹೋಗಿ ಕೆಳಗೆ ಬರುವ ಒಂದೇ ಸುತ್ತಿಗೆ ತಪ್ಪು ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಜಾಲ ಎಷ್ಟು ಸಣ್ಣದಾದರೂ ಅಷ್ಟೇ.

ಈ ವಿಚಾರವನ್ನು ಮೊದಲು ಬರೆದವರು ಸೋವಿಯತ್ ರಷ್ಯಾದ ಫೆಡೊರೆಂಕೊ, 1961ರ ಹೊತ್ತಿಗೆ. 1966ರಲ್ಲಿ ಬಖ್ವಲೊವ್ ಅದನ್ನು ಹೆಚ್ಚು ಬಗೆಯ ಸಮೀಕರಣಗಳಿಗೆ ಸಾಧಿಸಿದರು. ಕೆಲಸಕ್ಕೆ ಬರುವ ಉಪಕರಣವಾಗಿ ಅದು ಜಗತ್ತಿಗೆ ಮುಟ್ಟಿದ್ದು 1970ರ ದಶಕದಲ್ಲಿ, ಇಸ್ರೇಲಿನ ಅಚಿ ಬ್ರಾಂಟ್ ಅವರ ಪಟ್ಟು ಹಿಡಿದ ದುಡಿಮೆಯಿಂದ. ಅದೇ ಕಾಲದಲ್ಲಿ ಜರ್ಮನಿಯ ಹ್ಯಾಕ್‌ಬುಶ್ ಕೂಡ ಸ್ವತಂತ್ರವಾಗಿ ಅಲ್ಲಿಗೇ ಬಂದಿದ್ದರು.

ಇಲ್ಲಿಯವರೆಗೆ ಹೇಳಿದ್ದು ಶಾಖದ ಲೆಕ್ಕಕ್ಕೆ ಸಾಕು. ಜೇನಿಗೆ ಸಾಲದು. ತೊಂದರೆ ಕೊಡುವುದು ಒತ್ತಡ.

ವೇಗಕ್ಕೆ ತನ್ನದೇ ಸಮೀಕರಣ ಇದೆ. ಅದನ್ನು ಪಕ್ಕದವರನ್ನು ನೋಡಿ ತಿದ್ದಬಹುದು. ಒತ್ತಡಕ್ಕೆ ಅಂಥದ್ದು ಇಲ್ಲ. ಉಳಿದಿರುವ ಸಮೀಕರಣ ಬಂದದ್ದು ಎಷ್ಟೋ ಹೋದದ್ದು ಅಷ್ಟೇ ಎಂದು ಹೇಳುತ್ತದೆ. ಅದರಲ್ಲಿ ಒತ್ತಡದ ಹೆಸರೇ ಇಲ್ಲ! ಒತ್ತಡವನ್ನು ಯಾವ ಸಾಲಿನಿಂದ ತಿದ್ದಬೇಕು? ನಾನು ಇದನ್ನು ನೀರಗಂಟಿಯ ಕೆಲಸದ ಹಾಗೆ ಅರ್ಥ ಮಾಡಿಕೊಂಡೆ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನೀರಗಂಟಿಗೆ ಸ್ವಂತ ಗದ್ದೆ ಇರುವುದಿಲ್ಲ. ಯಾವ ಮಡಿಗೂ ಲೆಕ್ಕ ತಪ್ಪಬಾರದು ಎಂಬುದೇ ಅವನ ಹೊಣೆ. ಒಂದು ಮಡಿಯಲ್ಲಿ ನೀರು ಜಾಸ್ತಿ ತುಂಬುತ್ತಿದ್ದರೆ ಅಲ್ಲಿ ಒತ್ತಡ ಏರಿಸುತ್ತಾನೆ, ಸುತ್ತಲಿನ ಬದುಗಳಿಂದ ನೀರು ಆಚೆ ಹೋಗುತ್ತದೆ. ಆದರೆ ಆಚೆ ಹೋದದ್ದು ಪಕ್ಕದ ಮಡಿಯ ಲೆಕ್ಕ ಕೆಡಿಸುತ್ತದೆ.

ಈ ಹೋಲಿಕೆ ನಾನು ಸುಮ್ನೆ ತಂದದ್ದಲ್ಲ. 1965ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಹಾರ್ಲೊ ಮತ್ತು ವೆಲ್ಚ್ ಒಂದು ಜಾಲವನ್ನು ಮುಂದಿಟ್ಟರು. ಒತ್ತಡವನ್ನು ಮನೆಯ ನಡುವೆ ಬರೆಯಬೇಕು, ವೇಗವನ್ನು ಮನೆಯ ಅಂಚುಗಳ ಮೇಲೆ ಬರೆಯಬೇಕು. ನಮ್ಮ ಗದ್ದೆಯ ಚಿತ್ರವೇ ಅದು. ನೀರಿನ ಮಟ್ಟ ಅಳೆಯುವುದು ಮಡಿಯ ನಡುವೆ, ಹರಿಯುವ ನೀರು ಅಳೆಯುವುದು ಬದುವಿನಲ್ಲಿ ಬಿಟ್ಟ ದಾರಿಯಲ್ಲಿ. ಎರಡನ್ನೂ ಒಂದೇ ಬಿಂದುವಿನಲ್ಲಿ ಬರೆದರೆ ಚದುರಂಗದ ಹಲಗೆಯ ಹಾಗೆ ಒಂದು ಮನೆ ಹೆಚ್ಚು, ಒಂದು ಮನೆ ಕಡಿಮೆ ಒತ್ತಡ ಕೂತುಬಿಡುತ್ತದೆ. ಸಮೀಕರಣ ಒಂದು ಮನೆ ಬಿಟ್ಟು ಒಂದು ಮನೆಯನ್ನು ಹೋಲಿಸುವುದರಿಂದ ಅದಕ್ಕೆ ಏರುಪೇರು ಕಾಣುವುದೇ ಇಲ್ಲ.

ಜಾಲ ಸರಿಯಾದ ಮೇಲೂ ಹಲಗೆ ಎಳೆಯುವ ಬಗೆ ಬೇರೆ ಇರಬೇಕು. 1979ರಲ್ಲಿ ಬ್ರಾಂಟ್ ಮತ್ತು ಡಿನಾರ್ ಒಂದು ದಾರಿ ಕೊಟ್ಟರು. ಒಂದು ಮಡಿಯ ಲೆಕ್ಕ ಸರಿಮಾಡುವಾಗ ಅದರ ನಾಲ್ಕು ಬದುಗಳ ಹರಿವನ್ನೂ, ಸುತ್ತಲಿನ ಒತ್ತಡಗಳನ್ನೂ ಒಟ್ಟಿಗೆ ಬದಲಿಸಬೇಕು. ಎಳೆತದ ಸಮೀಕರಣ ಕೆಡದ ಹಾಗೆ ಆ ಬದಲಾವಣೆಗಳನ್ನು ಹಂಚಬೇಕು. 1986ರಲ್ಲಿ ವಂಕಾ ಇನ್ನೂ ನೇರವಾದ ದಾರಿ ಹಿಡಿದರು. ಒಂದು ಮಡಿಯ ಒಂದು ಒತ್ತಡ, ನಾಲ್ಕು ಬದುಗಳ ನಾಲ್ಕು ವೇಗ, ಒಟ್ಟು ಐದು ಅಂಕಿ. ಐದನ್ನೂ ಒಟ್ಟಿಗೆ ಬಿಡಿಸಿ, ಪಕ್ಕದ ಮಡಿಗೆ ಹೋಗು. ಅಲ್ಲಿ ಮತ್ತೆ ಐದು. ನನಗೆ ಇವತ್ತಿಗೂ ವಂಕಾ ದಾರಿಯೇ ಇಷ್ಟ. ವೇಗಗಳನ್ನೆಲ್ಲ ಮೊದಲು ತಿದ್ದಿ, ಆಮೇಲೆ ಒತ್ತಡವನ್ನು ಪ್ರತ್ಯೇಕವಾಗಿ ತಿದ್ದುವ ಹಳೆಯ ದಾರಿಯೂ ಇದೆ. ಅದು 1958ರಲ್ಲಿ ಬಂದದ್ದು ಹರಿವಿನ ಲೆಕ್ಕಕ್ಕಲ್ಲ. ಆರೋ, ಹರ್ವಿಚ್, ಉಜಾವಾ ಎಂಬ ಅರ್ಥಶಾಸ್ತ್ರಜ್ಞರ ಕೆಲಸ ಅದು. ಬೆಲೆ ಏರಿಸಿ ಇಳಿಸಿ ಸಂತೆಯಲ್ಲಿ ಬೇಡಿಕೆ ಮತ್ತು ಸರಕು ಸರಿಹೊಂದಿಸುವ ಹಾಗೆ ಒತ್ತಡ ಏರಿಸಿ ಇಳಿಸಿ ಹರಿವು ಸರಿಹೊಂದಿಸುವುದು. ವಿಚಾರ ಸೊಗಸಾಗಿದೆ, ಹಾಗೆಯೇ ಬಳಸಿದರೆ ತುಂಬಾ ನಿಧಾನ.

ನಾನು ಮೊದಲ ಸಲ ಇದನ್ನು ಬರೆದಾಗ ಪ್ರೋಗ್ರಾಂ ಓಡಿತು. ಮುಚ್ಚಿದ ಪೆಟ್ಟಿಗೆ, ಮೇಲಿನ ಮುಚ್ಚಳ ಮಾತ್ರ ಸರಿಯುತ್ತದೆ, ಒಳಗೆ ಜೇನು. ಉತ್ತರ ಬಂತು, ಸುಳಿಯ ಚಿತ್ರವೂ ಚೆನ್ನಾಗಿತ್ತು. ಆದರೆ ಉಳಿಕೆ ಸ್ವಲ್ಪ ದೂರ ವೇಗವಾಗಿ ಇಳಿದು ಆಮೇಲೆ ತೆವಳುತ್ತಿತ್ತು. ಜಾಲ ಸಣ್ಣದಾದಷ್ಟೂ ತೆವಳುವಿಕೆ ಹೆಚ್ಚು. ಎರಡು ತಿಂಗಳು ನಾನು ಇದನ್ನು ಸಮೀಕರಣದ ಸ್ವಭಾವ ಎಂದೇ ನಂಬಿದ್ದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಗೋಡೆಯಿಂದ ಏನೂ ಒಳಗೆ ಬರುವುದಿಲ್ಲ, ಏನೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಎಲ್ಲ ಮನೆಗಳ ಬಂದ ಹೋದ ಲೆಕ್ಕ ಕೂಡಿಸಿದರೆ ಒಟ್ಟು ಸೊನ್ನೆಯೇ ಬರಬೇಕು. ನಾನು ಉಳಿಕೆಯನ್ನು ಒರಟು ಜಾಲಕ್ಕೆ ಒಯ್ಯುವಾಗ ಗೋಡೆಯ ಪಕ್ಕದ ಮನೆಗಳಿಗೆ ತಪ್ಪು ತೂಕ ಕೊಟ್ಟಿದ್ದೆ. ಒರಟು ಜಾಲದಲ್ಲಿ ಒಟ್ಟು ಸೊನ್ನೆ ಬರುತ್ತಿರಲಿಲ್ಲ. ಇಲ್ಲದ ನೀರನ್ನು ಹಂಚು ಎಂದು ನಾನು ನೀರಗಂಟಿಗೆ ಹೇಳುತ್ತಿದ್ದೆ. ಅಂಥ ಲೆಕ್ಕಕ್ಕೆ ಉತ್ತರವೇ ಇಲ್ಲ. ಕೆಳಗಿನ ಜಾಲದ ತಿದ್ದುವಿಕೆ ಆ ಕೆಟ್ಟ ಸಲಹೆಯನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸರಿಮಾಡಿ ಪ್ರೋಗ್ರಾಮನ್ನು ಹೇಗೋ ದಡ ಸೇರಿಸುತ್ತಿತ್ತು. ಒಂದು ಸಾಲು ತಿದ್ದಿದ ದಿನ ರಾತ್ರಿ, ಉಳಿಕೆ ಪ್ರತಿ ಸುತ್ತಿಗೂ ಒಂದೇ ಪಾಲಿನಲ್ಲಿ ಇಳಿಯುವುದನ್ನು ನೋಡಿ ಕಣ್ಣು ತುಂಬಿ ಬಂತು.

ಇಷ್ಟು ಕಷ್ಟಪಟ್ಟು ಜೇನಿನ ಲೆಕ್ಕ ಯಾಕೆ ಎಂದು ಕೇಳಿದರೆ, ನಾನು ನಿಮ್ಮ ಕಾಲಡಿ ತೋರಿಸುತ್ತೇನೆ. ಬಳ್ಳಾರಿಯ ಕೋಟೆ ಗುಡ್ಡ, ಆನೆಗೊಂದಿಯ ಬಂಡೆಗಳು, ಈ ಕೊಪ್ಪಳದ ಕಲ್ಲು, ಎಲ್ಲವೂ ಸುಮಾರು 250 ಕೋಟಿ ವರ್ಷ ಹಳೆಯವು. ಇವೆಲ್ಲವನ್ನೂ ಹೊತ್ತುಕೊಂಡು ಇಡೀ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಕೆಳಗೆ ಸಾವಿರಾರು ಕಿಲೋಮೀಟರ್ ಆಳದವರೆಗೆ ಇರುವ ಬಿಸಿ ಬಂಡೆ ಗಟ್ಟಿಯಾಗಿಯೇ ಇದ್ದುಕೊಂಡು ಕೋಟಿ ವರ್ಷಗಳ ಅಳತೆಯಲ್ಲಿ ಹರಿಯುತ್ತದೆ. ಅದರ ಸ್ನಿಗ್ಧತೆ ಜೇನಿನ ಸುಮಾರು ಕೋಟಿ ಕೋಟಿ ಪಟ್ಟಿನ ಮೇಲೆ ಇನ್ನೂ ಹತ್ತು ಲಕ್ಷ ಪಟ್ಟು. ಅಲ್ಲಿ ರೆನಾಲ್ಡ್ಸ್ ಸಂಖ್ಯೆ ಬರೆದರೆ ದಶಾಂಶ ಚಿಹ್ನೆಯ ಆಚೆ ಹತ್ತೊಂಬತ್ತು ಸೊನ್ನೆ ಬರುತ್ತವೆ. ಸ್ಟೋಕ್ಸ್ ಸಮೀಕರಣಕ್ಕೆ ಇದಕ್ಕಿಂತ ಶುದ್ಧವಾದ ಜಾಗ ಇಲ್ಲ.

ಆದರೆ ಆ ಬಂಡೆಯ ಜಿಗುಟು ಎಲ್ಲ ಕಡೆ ಒಂದೇ ಅಲ್ಲ. ಬಿಸಿ ಏರಿದರೆ ಲಕ್ಷಾಂತರ ಪಟ್ಟು ಇಳಿಯುತ್ತದೆ. ಆಗ ಒರಟು ಜಾಲದ ಒಂದು ಮನೆಗೆ ಯಾವ ಸ್ನಿಗ್ಧತೆ ಕೊಡಬೇಕು? ಅದರೊಳಗೆ ಅರ್ಧ ಪದರ 1, ಅರ್ಧ ಪದರ 1000 ಇದೆ ಎಂದುಕೊಳ್ಳಿ. ಮಾಮೂಲಿ ಸರಾಸರಿ 500. ಪದರಗಳು ಒಂದರ ಮೇಲೊಂದು ಜಾರುವುದಾದರೆ ಮೆತ್ತಗಿನ ಪದರವೇ ಎಲ್ಲ ಜಾರಿಕೆಯನ್ನೂ ಹೊರುತ್ತದೆ, ಇಡೀ ಮನೆ ಸುಮಾರು 2 ಇದ್ದ ಹಾಗೆ ನಡೆಯುತ್ತದೆ. ಅದೇ ಪದರಗಳನ್ನು ಉದ್ದಕ್ಕೆ ಎಳೆದರೆ ಗಟ್ಟಿ ಪದರದ ಮಾತೇ ನಡೆಯುತ್ತದೆ, 500 ಸರಿ. ಒಂದೇ ಮನೆಗೆ ಎರಡು ಸರಿಯಾದ ಉತ್ತರ. ಎರೆ ಮಣ್ಣಿನ ಹೊಲವನ್ನೂ ಮಸಾರಿ ಹೊಲವನ್ನೂ ಸೇರಿಸಿ ಒಂದೇ ಪಟ್ಟಿಯಲ್ಲಿ ಸರಾಸರಿ ಮಣ್ಣು ಎಂದು ಬರೆದರೆ ಯಾವ ರೈತರೂ ಒಪ್ಪುವುದಿಲ್ಲ. ಈ ಜಾಗದಲ್ಲಿ ಮಲ್ಟಿಗ್ರಿಡ್ ಇನ್ನೂ ಕಲಿಯುತ್ತಿದೆ. ಸಮೀಕರಣದ ಅಂಕಿಗಳನ್ನೇ ನೋಡಿ ಯಾವ ಮನೆ ಯಾವ ಮನೆಗೆ ಬಿಗಿಯಾಗಿ ಅಂಟಿದೆ ಎಂದು ಕಂಡುಕೊಂಡು ಒರಟು ಜಾಲ ಕಟ್ಟುವ ಬಗೆ ಒಂದಿದೆ. 2015ರಲ್ಲಿ, ದೊಡ್ಡ ಕಂಪ್ಯೂಟರ್ ಲೆಕ್ಕಗಳಿಗೆ ಕೊಡುವ ಗೋರ್ಡನ್ ಬೆಲ್ ಪ್ರಶಸ್ತಿ ಪಡೆದ ತಂಡ ಅಂಥ ವಿದ್ಯೆಗಳನ್ನು ಸೇರಿಸಿ ಭೂಮಿಯ ಒಳಗಿನ ಹರಿವನ್ನು ಲೆಕ್ಕ ಹಾಕಿತು. ಸುಮಾರು 60 ಸಾವಿರ ಕೋಟಿ ಅಜ್ಞಾತ ಅಂಕಿಗಳು, 15 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್ ಕೋರ್‌ಗಳು. ಎಲ್ಲದರ ಒಳಗೆ ನಡೆದದ್ದು ಮುಂದಿನ ಸಾಲಿನವರು ಆಡಿದ ಆಟವೇ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಕಾರಟಗಿ ಕಡೆಯ ರೈತರಂತೆ. "ಸರ, ಈಗ ಲೇಸರ್ ಲೆವೆಲರ್ ಬಂದೈತಿ. ಇಡೀ ಹೊಲ ಒಂದ ಸಲಕ್ಕ ಸಮ ಮಾಡತೈತಿ. ನಿಮ್ಮ ಲೆಕ್ಕದಾಗ ಅಂಥದ್ದು ಇಲ್ಲೇನ್ರಿ?" ಎಂದು ಕೇಳಿದರು. ಇದೆ ಯಜಮಾನ್ರೇ. ಚೌಕವಾದ ಪೆಟ್ಟಿಗೆ, ಎಲ್ಲ ಕಡೆ ಒಂದೇ ಜಿಗುಟು ಇದ್ದರೆ ಅಲೆಗಳ ಲೆಕ್ಕದಿಂದ ಒಂದೇ ಏಟಿಗೆ ಬಿಡಿಸಬಹುದು, ಅದೂ ಬಹಳ ವೇಗ. ಹೊಲ ಓರೆಕೋರೆ ಇದ್ದು, ನಡುವೆ ಬಂಡೆ ಎದ್ದು, ಮಣ್ಣು ಜಾಗಕ್ಕೊಂದು ತರ ಇದ್ದರೆ ಆ ಯಂತ್ರ ಒಳಗೆ ಇಳಿಯುವುದಿಲ್ಲ. ಅಲ್ಲಿ ಮಲ್ಟಿಗ್ರಿಡ್ ಬೇಕು. ಅವರು ನಕ್ಕು, "ನಮ್ಮ ಹೊಲದಾಗೂ ಬಂಡಿ ಅದಾವ ಬಿಡ್ರಿ" ಎಂದು ಕೂತರು.

ಕೊನೆಗೆ ಒಬ್ಬ ವಿದ್ಯಾರ್ಥಿನಿ, ಇದನ್ನು ಕಲಿಯಲು ದೊಡ್ಡ ಕಂಪ್ಯೂಟರ್ ಬೇಕಾ ಎಂದು ಕೇಳಿದಳು. ಬೇಡಮ್ಮ. ಒಂಬತ್ತು ಕುರ್ಚಿಯ ಆಟವನ್ನು ಮೊದಲು ಕಾಗದದ ಮೇಲೆ ಮಾಡು, ಈ ಸಲ ತಪ್ಪಿನ ಚೀಟಿ ಇಲ್ಲದೆ, ಉಳಿಕೆಯನ್ನು ಮಾತ್ರ ಒಯ್ದು. ಆಮೇಲೆ ನಿನ್ನ ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಪೈಥಾನ್‌ನಲ್ಲಿ ನೂರು ಸಾಲಿನ ಒಳಗೆ ಬರೆ. 32 ಭಾಗಕ್ಕೆ ಓಡಿಸು, 64ಕ್ಕೆ ಓಡಿಸು, 128ಕ್ಕೆ ಓಡಿಸು. ಪ್ರತಿ ಸುತ್ತಿಗೂ ಉಳಿಕೆ ಎಷ್ಟು ಪಾಲು ಇಳಿಯಿತು ಎಂದು ಪಕ್ಕದಲ್ಲಿ ಬರೆದುಕೋ. ಮೂರರಲ್ಲೂ ಆ ಪಾಲು ಒಂದೇ ಬಂದರೆ ಮುಂದೆ ಹೋಗು, ಜೇನಿಗೆ ಕೈ ಹಾಕು. ಜಾಲ ಸಣ್ಣದಾದಂತೆ ನಿಧಾನವಾದರೆ ಉತ್ತರ ಎಷ್ಟು ಚೆನ್ನಾಗಿ ಕಂಡರೂ ನಂಬಬೇಡ. ಗೋಡೆಯ ಪಕ್ಕದ ಮನೆಗಳ ಲೆಕ್ಕವನ್ನು ಮೊದಲು ತೆಗೆದು ನೋಡು.